ಯೋಸೇಫನ ನಿಲುವಂಗಿ

ಇಬ್ರಿಯರ ಮೂಲಪುರುಷರ ಕಥೆಗಳಲ್ಲಿ ತಂದೆಯು ಮಗನಿಗೆ ಕೊಡುವ ಉಡುಗೊರೆಯು ವಾತ್ಸಲ್ಯದ ಕುರುಹು ಮಾತ್ರವಲ್ಲ. ಅದು ದಾಯವಿಭಾಗದ ವಿಚಾರಕ್ಕೂ ಸೇರಿದುದಾಗಿದೆ. ಅಬ್ರಹಾಮನು ತನ್ನ ಸರ್ವಸ್ವವನ್ನೂ ಇಸಾಕನಿಗೆ ಒಪ್ಪಿಸಿ, ಉಪಪತ್ನಿಯರ ಮಕ್ಕಳಿಗೆ ದಾನಗಳನ್ನಿತ್ತು, ತಾನು ಬದುಕಿರುವಾಗಲೇ ಅವರನ್ನು ಮೂಡಣ ದೇಶಕ್ಕೆ ಕಳುಹಿಸಿಬಿಟ್ಟನೆಂದು ಆದಿಕಾಂಡದ 25ನೆಯ ಅಧ್ಯಾಯವು ತಿಳಿಸುತ್ತದೆ. ಅಲ್ಲಿ ದಾನವನ್ನು ಪಡೆದವನಿಗೆ ಪಾಲಿಲ್ಲ. ಆತನ ಮೊಮ್ಮಗನಾದ ಯಾಕೋಬನ ಮನೆಯಲ್ಲಿಯಾದರೋ ಈ ಕ್ರಮವು ತಲೆಕೆಳಗಾಯಿತು. ದಾನವನ್ನು ಪಡೆದವನೇ ಮನೆಯ ಮುಂದಿನ ಒಡೆಯನೆಂಬ ಶಂಕೆಯು ಉಳಿದ ಮಕ್ಕಳಲ್ಲಿ ಹುಟ್ಟಿತು. ಆ ದಾನವು ಒಂದು ನಿಲುವಂಗಿ.

ಮೂಲದಲ್ಲಿ ಇದಕ್ಕೆ 'ಕೆತೋನೆತ್ ಪಸ್ಸೀಮ್' ಎಂದು ಹೆಸರು. ಮೊದಲನೆಯ ಪದಕ್ಕೆ ಅಂಗಿಯೆಂದು ಅರ್ಥ, ಇದರಲ್ಲಿ ವಿವಾದವಿಲ್ಲ. ಎರಡನೆಯದು ಪ್ರಾಚೀನರಿಗೂ ತೊಡಕಾಗಿಯೇ ಇದ್ದಿತು. ಗ್ರೀಕ್ ಭಾಷಾಂತರಕಾರರು ಆದಿಕಾಂಡದಲ್ಲಿ ಇದನ್ನು ಬಗೆಬಗೆಯ ಬಣ್ಣದ ಅಂಗಿಯೆಂದು ತಿಳಿದರು. 1611ರ ಇಂಗ್ಲಿಷ್ ಭಾಷಾಂತರವು ಈ ಅರ್ಥವನ್ನೇ ಲೋಕಪ್ರಸಿದ್ಧವಾಗಿ ಮಾಡಿತು. ಆದರೆ ಅರಾಮ್ಯ ಭಾಷೆಯಲ್ಲಿ 'ಪಸ್' ಎಂಬುದಕ್ಕೆ ಅಂಗೈ, ಅಂಗಾಲು ಎಂಬ ಅರ್ಥಗಳಿರುವುದರಿಂದ, ಕೈಕಾಲುಗಳ ತುದಿಯವರೆಗೂ ಇಳಿಬಿದ್ದ ಉದ್ದತೋಳಿನ ಅಂಗಿಯೆಂಬುದು ಮತ್ತೊಂದು ಪಕ್ಷ. ಬಣ್ಣದ ಪಕ್ಷಕ್ಕೂ ಆಧಾರವಿಲ್ಲದಿಲ್ಲ. ಈಜಿಪ್ಟಿನ ಬೆನಿ ಹಸನ್ನಿನಲ್ಲಿರುವ ಖ್ನುಮ್‌ಹೋಟೆಪನ ಸಮಾಧಿಯಲ್ಲಿ, ಸುಮಾರು ಕ್ರಿ. ಪೂ. 1890ರ ಕಾಲದ ಒಂದು ಭಿತ್ತಿಚಿತ್ರವಿದೆ; ಅದರೊಳಗಣ ಏಷ್ಯದ ವಲಸೆಗಾರರು ಬಣ್ಣಬಣ್ಣದ ಪಟ್ಟೆಗಳುಳ್ಳ ಉಡುಪನ್ನು ತೊಟ್ಟಿರುವರು. ಬಣ್ಣವೋ ಉದ್ದವೋ ಎಂಬ ಈ ಚರ್ಚೆಗಿಂತ, ಇಂತಹ ಅಂಗಿಯನ್ನು ಯಾರು ತೊಡುತ್ತಿದ್ದರೆಂಬುದೇ ಮುಖ್ಯವಾದ ಪ್ರಶ್ನೆ. ಈ ಪದಪುಂಜವು ಹಳೆಯ ಒಡಂಬಡಿಕೆಯಲ್ಲಿ ಇನ್ನೊಂದೇ ಸಂದರ್ಭದಲ್ಲಿ ದೊರೆಯುತ್ತದೆ. ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯದಲ್ಲಿ ದಾವೀದನ ಮಗಳಾದ ತಾಮಾರಳು ಇದನ್ನು ಧರಿಸಿರುವಳು; ಅವಿವಾಹಿತ ರಾಜಪುತ್ರಿಯರ ಉಡುಪು ಇದೆಂದು ಅಲ್ಲಿಯೇ ವಿವರಣೆಯಿದೆ. ಹಾಗಾದರೆ ಕುರಿ ಕಾಯುವ ಹನ್ನೆರಡು ಮಂದಿ ಸೋದರರಲ್ಲಿ ಒಬ್ಬನಿಗೆ ಮಾತ್ರ ಅರಮನೆಯ ಉಡುಪು ದೊರೆಯಿತೆಂದಾಯಿತು. ಅದನ್ನು ತೊಟ್ಟು ಕುರಿ ಕಾಯುವುದು ಹೇಗೆ ಎಂಬುದು ಬೇರೆಯ ಮಾತು.

ಮಕ್ಕಳಲ್ಲಿ ಒಬ್ಬನನ್ನು ಹೆಚ್ಚಾಗಿ ಪ್ರೀತಿಸುವುದು ಆ ಕಾಲದ ಪಶ್ಚಿಮ ಏಷ್ಯದಲ್ಲಿ ಹೊಸದೇನೂ ಅಲ್ಲ. 1901-02ರಲ್ಲಿ ಸೂಸಾ ನಗರದ ಅಗೆತದಲ್ಲಿ ದೊರೆತ ಹಮ್ಮುರಾಬಿಯ ಶಾಸನದ 165ನೆಯ ವಿಧಿಯು ಇದನ್ನೇ ಕುರಿತದ್ದು. ತಂದೆಯು ತನ್ನ ಕಣ್ಣಿಗೆ ಮೆಚ್ಚಾದ ಮಗನಿಗೆ ಹೊಲ, ತೋಟ, ಮನೆಗಳನ್ನು ಮುದ್ರೆಯೊತ್ತಿದ ಪತ್ರದ ಮೂಲಕ ಕೊಟ್ಟಿದ್ದರೆ, ತಂದೆಯ ಮರಣಾನಂತರ ಆ ಮಗನು ಅದನ್ನು ಇಟ್ಟುಕೊಳ್ಳಬಹುದು. ಉಳಿದ ಆಸ್ತಿಯನ್ನು ಸೋದರರೆಲ್ಲರೂ ಸಮನಾಗಿ ಹಂಚಿಕೊಳ್ಳಬೇಕು. ಅದಕ್ಕೂ ಹಿಂದಿನ ಇಸಿನ್ ನಗರದ ಅರಸನಾದ ಲಿಪಿತ್-ಇಷ್ಟಾರನ ಕಟ್ಟಳೆಯಲ್ಲಿಯೂ ಇದೇ ಬಗೆಯ ವಿಧಿಯಿದೆ. ಪಕ್ಷಪಾತವನ್ನು ಈ ಶಾಸನಗಳು ನಿಷೇಧಿಸಲಿಲ್ಲ. ಅದಕ್ಕೊಂದು ಎಲ್ಲೆಯನ್ನು ಹಾಕಿದುವು. ಮೆಚ್ಚಿನ ಮಗನಿಗೆ ಸಂದದ್ದು ಇಷ್ಟೇ ಎಂಬುದು ಪತ್ರದಿಂದ ಎಲ್ಲರಿಗೂ ತಿಳಿಯುತ್ತಿದ್ದಿತು. ಯಾಕೋಬನು ಕೊಟ್ಟ ಅಂಗಿಗೆ ಪತ್ರವೂ ಇಲ್ಲ, ಮುದ್ರೆಯೂ ಇಲ್ಲ. ಅದರಿಂದ ಏನು ಸಲ್ಲುವುದೆಂದು ಅವನು ಬಾಯಿಬಿಟ್ಟು ಹೇಳಿದಂತೆಯೂ ಕಾಣುವುದಿಲ್ಲ. ಸೋದರರು ದಿನವೂ ಕಣ್ಣೆದುರಿಗೆ ಕಂಡುದು ಎಲ್ಲೆಯಿಲ್ಲದ ಒಂದು ವಾಗ್ದಾನವನ್ನು. ಅವರ ದ್ವೇಷವನ್ನು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕುವ ವ್ಯಾಖ್ಯಾನಕಾರರು ಈ ಅಂಶವನ್ನು ಗಮನಿಸಿದಂತಿಲ್ಲ.

ಶಂಕೆಗೆ ಕಾರಣವೂ ಇದ್ದಿತು. ಚೊಚ್ಚಲ ಮಗನಾದ ರೂಬೇನನು ಲೇಯಳ ಮಗ. ಬಿಲ್ಹಳ ಪ್ರಸಂಗದಲ್ಲಿ ಅವನು ಆಗಲೇ ತಂದೆಯ ಅವಕೃಪೆಗೆ ಪಾತ್ರನಾಗಿದ್ದನು. ಯೋಸೇಫನಾದರೋ ಪ್ರಿಯಪತ್ನಿಯಾದ ರಾಹೇಲಳ ಮೊದಲ ಮಗ. ಚೊಚ್ಚಲತನದ ಹಕ್ಕು ಕಡೆಗೆ ಯೋಸೇಫನ ಮಕ್ಕಳಿಗೇ ಸಂದಿತೆಂದು ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥವು (5ನೆಯ ಅಧ್ಯಾಯ) ಸ್ಪಷ್ಟವಾಗಿ ನುಡಿಯುತ್ತದೆ. ಎಂದ ಮೇಲೆ ಸೋದರರ ಊಹೆ ತಪ್ಪಾಗಿರಲಿಲ್ಲ. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ವಿಧಿಯನ್ನು ಇದರೊಡನೆ ಇಟ್ಟು ನೋಡಬೇಕು. ಒಬ್ಬನಿಗೆ ಪ್ರಿಯಳೊಬ್ಬಳು, ಅಪ್ರಿಯಳೊಬ್ಬಳು ಹೀಗೆ ಇಬ್ಬರು ಹೆಂಡಿರಿದ್ದು, ಅಪ್ರಿಯಳ ಮಗನೇ ಚೊಚ್ಚಲನಾದ ಪಕ್ಷದಲ್ಲಿ, ಅವನನ್ನು ಬಿಟ್ಟು ಪ್ರಿಯಳ ಮಗನಿಗೆ ಆ ಹಕ್ಕನ್ನು ಕೊಡಕೂಡದು. ಎರಡು ಪಾಲು ಚೊಚ್ಚಲನಿಗೇ ಸಲ್ಲತಕ್ಕದ್ದು. ಇಲ್ಲಿ ಅಪ್ರಿಯಳೆಂಬುದಕ್ಕೆ ಬಳಸಿರುವ ಇಬ್ರಿಯ ಪದವೇ ಆದಿಕಾಂಡದ 29ನೆಯ ಅಧ್ಯಾಯದಲ್ಲಿ ಲೇಯಳಿಗೆ ಬಳಕೆಯಾಗಿದೆ. ಇದು ಆಕಸ್ಮಿಕವೆಂದು ಹೇಳುವುದು ಕಷ್ಟ. ಕುಲದ ಮೂಲಪುರುಷನು ನಡೆದಂತೆ ಅವನ ಸಂತತಿಯವರು ನಡೆಯಬಾರದೆಂದು ಅವರ ಧರ್ಮಶಾಸ್ತ್ರವೇ ಕಟ್ಟುಮಾಡಿದಂತಾಯಿತು. ಎರಡು ಸೆಲಾ ತೂಕದ ನೂಲಿನಿಂದಾಗಿ ಪೂರ್ವಿಕರು ಈಜಿಪ್ಟಿಗೆ ಇಳಿಯಬೇಕಾಯಿತೆಂದು ತಾಲ್ಮೂದಿನ ಪಂಡಿತರು ತಂದೆಯರನ್ನು ಎಚ್ಚರಿಸಿದುದೂ ಈ ಅಂಗಿಯನ್ನು ಕುರಿತೇ.

ಯಾಕೋಬನು ಮೋಸಹೋದ ಬಗೆಯೂ ವಿಚಾರಾರ್ಹವಾದುದು. ಅಣ್ಣನ ಉಡುಪನ್ನು ತೊಟ್ಟು, ಆಡಿನ ಮರಿಯ ಚರ್ಮವನ್ನು ಕೈಗೆ ಸುತ್ತಿಕೊಂಡು ಅವನು ಕುರುಡು ತಂದೆಯನ್ನು ವಂಚಿಸಿದ್ದನು. ಅವನನ್ನು ವಂಚಿಸಿದುದೂ ಒಂದು ಉಡುಪು ಮತ್ತು ಆಡಿನ ನೆತ್ತರು.

20 ಬೆಳ್ಳಿಯ ನಾಣ್ಯಗಳಿಗೆ ಮಾರಾಟವಾದ ಯೋಸೇಫನು ಈಜಿಪ್ಟಿನಲ್ಲಿ ಅಧಿಕಾರಿಯಾದ ಮೇಲೆ ತಾನೂ ಪಕ್ಷಪಾತವನ್ನೇ ತೋರಿದನು. ಔತಣದಲ್ಲಿ ಬೆನ್ಯಾಮೀನನಿಗೆ ಐದು ಪಾಲು ಬಡಿಸಿದನು. ಬಳಿಕ 300 ಬೆಳ್ಳಿಯ ನಾಣ್ಯಗಳನ್ನೂ ಐದು ಜೊತೆ ಉಡುಪುಗಳನ್ನೂ ಕೊಟ್ಟನು. ಮೊದಲನೆಯದು ಸೋದರರ ಮನಸ್ಸನ್ನು ಅರಿಯುವುದಕ್ಕಾಗಿ ಒಡ್ಡಿದ ಪರೀಕ್ಷೆಯಾಗಿರಬಹುದು. ಆ ಪರೀಕ್ಷೆಗೆ ಉತ್ತರವು ಔತಣದಲ್ಲಿ ದೊರೆಯಲಿಲ್ಲ, 44ನೆಯ ಅಧ್ಯಾಯದ ಯೆಹೂದನ ಬಿನ್ನಹದಲ್ಲಿ ದೊರೆಯಿತು. ತಮ್ಮನನ್ನು ಮಾರೋಣವೆಂದು ಹಿಂದೆ ಸೂಚಿಸಿದ್ದವನು ಈತನೇ. ತಂದೆಯ ಪ್ರಾಣವು ಈ ಕಿರಿಯನ ಪ್ರಾಣದೊಡನೆ ಹೆಣೆದುಕೊಂಡಿದೆಯೆಂದು ಹೇಳಿ, ಅವನಿಗೆ ಬದಲಾಗಿ ತಾನು ದಾಸನಾಗುವೆನೆಂದು ಈಗ ಬೇಡುತ್ತಾನೆ. ತಂದೆಯ ಪಕ್ಷಪಾತವು ಮೊದಲಿನಂತೆಯೇ ಇದೆ. ಆದರೆ ಯೆಹೂದನು ಅದನ್ನು ದೂರಾಗಿ ಹೇಳದೆ ಕರುಣೆಗೆ ಕಾರಣವಾಗಿ ಮುಂದಿಡುತ್ತಾನೆ.

ಯಾಕೋಬನಂತೂ ಬದಲಾಗಲಿಲ್ಲ. ಮರಣಶಯ್ಯೆಯಲ್ಲಿ, ಕಣ್ಣು ಮಂಜಾಗಿರಲು, ಯೋಸೇಫನ ಮಕ್ಕಳನ್ನು ಹರಸುವಾಗ ಕೈಗಳನ್ನು ಅಡ್ಡಹಾಯಿಸಿ ಬಲಗೈಯನ್ನು ಕಿರಿಯನಾದ ಎಫ್ರಾಯೀಮನ ತಲೆಯ ಮೇಲಿಟ್ಟನು. ಆಗ ಅಸಮಾಧಾನಗೊಂಡು ತಂದೆಯ ಕೈಯನ್ನು ಹಿಡಿದು, ಹಿರಿಯನಾದ ಮನಸ್ಸೆಯ ತಲೆಯ ಮೇಲಿಡಲು ಯತ್ನಿಸಿದವನು ನಿಲುವಂಗಿಯನ್ನು ತೊಟ್ಟಿದ್ದ ಯೋಸೇಫನೇ. ತನಗೆ ಗೊತ್ತಿದೆಯೆಂದು ಹೇಳಿ ಮುದುಕನು ಕೈಯನ್ನು ಕದಲಿಸಲಿಲ್ಲ.