ಮಿನುಗುವ ಕೆಂಪುದೀಪ

ವಸ್ತ್ರಾಪುರದ ಚೌಕದಲ್ಲಿ ಕೆಂಪುದೀಪ ಮಿನುಗತೊಡಗಿದರೆ ‘ಸಿಗ್ನಲ್ ಕೆಟ್ಟಿದೆ’ ಎಂದು ನುಗ್ಗುವವರೇ ಹೆಚ್ಚು.

ಜಗತ್ತಿನ ಮೊದಲ ಸಂಚಾರ ಸಿಗ್ನಲನ್ನು 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ನಿಲ್ಲಿಸಿದವರು ರೈಲ್ವೆ ಇಂಜಿನಿಯರ್ ಜೆ. ಪಿ. ನೈಟ್. ಮರುತಿಂಗಳೇ ಅದರ ಗ್ಯಾಸ್ ದೀಪ ಸಿಡಿದು, ನಡೆಸುತ್ತಿದ್ದ ಪೋಲೀಸ್ ಪೇದೆ ಗಾಯಗೊಂಡನು. ದೋಷವನ್ನು ಮೊದಲೇ ಹಿಡಿಯುವ ಉಪಾಯ ಅದರಲ್ಲಿರಲಿಲ್ಲ.

ವಿದ್ಯುತ್ ಸಿಗ್ನಲಿನ ಪೆಟ್ಟಿಗೆಗೆ ಮುಂದೆ ಕಾವಲು ಉಪಕರಣವೊಂದು ಸೇರಿತು. ದೀಪಗಳ ತಂತಿಯಲ್ಲಿರುವ ವೋಲ್ಟೇಜನ್ನು ಅದು ಸದಾ ಗಮನಿಸುತ್ತದೆ. ಅಡ್ಡಹಾಯುವ ಎರಡು ದಾರಿಗಳಿಗೂ ಒಟ್ಟಿಗೇ ಹಸಿರು ಬಂದರೆ, ಸೆಕೆಂಡಿನೊಳಗೆ ಹಸಿರನ್ನು ಕಡಿದು ಕೆಂಪನ್ನು ಮಿನುಗಿಸುತ್ತದೆ. ಕೆಟ್ಟಾಗಲೂ ಅಪಾಯಕ್ಕೆ ಎಡೆಗೊಡಬಾರದೆಂಬುದು ರೈಲ್ವೆಯ ಹಳೆಯ ಪಾಠ.

ಆದ್ದರಿಂದ ಮಿನುಗುವ ಕೆಂಪು ನುಗ್ಗಲು ಅಪ್ಪಣೆಯಲ್ಲ. ನಿಂತು, ಎರಡೂ ಕಡೆ ನೋಡಿ ಸಾಗೋಣ.