ತಾಟಿನ ನಡುವೆ ಏನು? ತೂಕ ಇಳಿಕೆಯ ಶಸ್ತ್ರಚಿಕಿತ್ಸೆಯ ನಂತರದ ಊಟ ಮತ್ತು ಬೀದರ್ ಸೀಮೆಯ ಹದಗಳು

ಸಾರಾಂಶ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದವರು ಕೆಲವೇ ವಾರಗಳಲ್ಲಿ ಎದುರಿಸುವ ತೊಂದರೆ ಊಟದ ಬೇಸರ. ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಭಾಗದ ಅಡುಗೆಯನ್ನು ಪೋಷಣೆಯ ಲೆಕ್ಕದೊಂದಿಗೆ ಇಟ್ಟು ನೋಡಿದರೆ, ಈ ಬೇಸರಕ್ಕೆ ಬೇಕಾದ ವೈವಿಧ್ಯ ಹೊಸ ಪದಾರ್ಥಗಳಲ್ಲಿಲ್ಲ, ಹಳೆಯ ಪದಾರ್ಥಗಳ ಹದಗಳಲ್ಲಿದೆ ಎಂಬುದು ಈ ಲೇಖನದ ವಾದ.

ಪೀಠಿಕೆ

ಬೀದರ್ ಸೀಮೆಯಲ್ಲಿ ಊಟದ ಅಳತೆ ರೊಟ್ಟಿ. ‘ಎಷ್ಟ್ ರೊಟ್ಟಿ ಉಂಡಿ?’ ಎಂಬ ಮಾತು ಹಸಿವನ್ನೂ ವಿಚಾರಿಸುತ್ತದೆ, ಆರೋಗ್ಯವನ್ನೂ ವಿಚಾರಿಸುತ್ತದೆ. ತಾಟಿನ ನಡುವೆ ಜೋಳದ ರೊಟ್ಟಿ. ಬ್ಯಾಳಿ, ಪಲ್ಯ, ಶೇಂಗಾ ಹಿಂಡಿ ಅದಕ್ಕೆ ಹಚ್ಚಿಕೊಂಡು ತಿನ್ನುವಂಥವು. ದುಡಿಯುವ ಮೈಗೆ ಈ ಏರ್ಪಾಟು ತಲೆಮಾರುಗಳಿಂದ ಸರಿಹೊಂದಿದೆ. ಜಠರದ ಬಹುಪಾಲನ್ನು ತೆಗೆಸಿಕೊಂಡವರಿಗೆ ಇದೇ ಏರ್ಪಾಟು ತೊಡಕಾಗುತ್ತದೆ, ಏಕೆಂದರೆ ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿ ಹಚ್ಚಿಕೊಳ್ಳುವ ಬೇಳೆ ಹಾಗೆಯೇ ಉಳಿದುಬಿಡುತ್ತದೆ.

ಭಾರತದಲ್ಲಿ ಇದು ಇನ್ನು ಕೆಲವರ ಸಮಸ್ಯೆಯಷ್ಟೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 24ರಷ್ಟು, ಪುರುಷರಲ್ಲಿ ಶೇ. 23ರಷ್ಟು ಮಂದಿ ಹೆಚ್ಚು ತೂಕದವರು. ಅದೇ ಸಮೀಕ್ಷೆಯಲ್ಲಿ ಶೇ. 57ರಷ್ಟು ಮಹಿಳೆಯರಿಗೆ ರಕ್ತಹೀನತೆ. ಮೈ ತುಂಬಿದ್ದರೂ ರಕ್ತ ಬಡವಾಗಿರಬಹುದು ಎಂಬುದನ್ನು ಈ ಎರಡು ಅಂಕಿಗಳು ಒಟ್ಟಿಗೆ ತೋರಿಸುತ್ತವೆ. ಶಸ್ತ್ರಚಿಕಿತ್ಸೆಯ ನಂತರದ ಊಟವನ್ನು ಬರೀ ಕ್ಯಾಲೊರಿಯ ಲೆಕ್ಕದಲ್ಲಿ ನೋಡಬಾರದು ಎನ್ನುವುದಕ್ಕೆ ಇದೇ ಕಾರಣ.

ಶಸ್ತ್ರಚಿಕಿತ್ಸೆ ಬದಲಿಸುವುದೇನು

1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ಈಗ ಹೆಚ್ಚು ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಶೇ. 75ರಿಂದ 80ರಷ್ಟನ್ನು ಕತ್ತರಿಸಿ ತೆಗೆದು ಕೊಳವೆಯಂಥ ಭಾಗವನ್ನು ಉಳಿಸುತ್ತಾರೆ. ಆರಂಭದಲ್ಲಿ ಅದರಲ್ಲಿ ಹಿಡಿಯುವುದು ಸುಮಾರು 100ರಿಂದ 150 ಮಿಲಿಲೀಟರ್, ಅಂದರೆ ಒಂದು ಸಣ್ಣ ವಾಟಗ. ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ತೆಗೆದುಹಾಕಿದ ಭಾಗದಲ್ಲಿಯೇ. ಹೀಗಾಗಿ ಮೊದಲ ತಿಂಗಳುಗಳಲ್ಲಿ ಹಸಿವು ಕರೆಯುವುದಿಲ್ಲ, ಗಡಿಯಾರ ನೋಡಿ ಉಣ್ಣಬೇಕಾಗುತ್ತದೆ. ಹಸಿವಿಲ್ಲದೆ ಉಣ್ಣುವವರಿಗೆ ರುಚಿಯೂ ಇಲ್ಲದಿದ್ದರೆ ಊಟ ಔಷಧಿಯಾಗುತ್ತದೆ.

2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೇರಿಯಾಟ್ರಿಕ್ ಸಂಘಗಳು 1991ರ ಹಳೆಯ ಮಾನದಂಡವನ್ನು ಪರಿಷ್ಕರಿಸಿ, ಏಷ್ಯಾದ ಜನರಿಗೆ ಬಿಎಂಐ 27.5 ದಾಟಿದಾಗಲೇ ಈ ಚಿಕಿತ್ಸೆಯನ್ನು ಪರಿಗಣಿಸಬಹುದು ಎಂದವು. ಚಿಕಿತ್ಸೆಯ ನಂತರದ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಮೊದಲು ತಿಳಿನೀರಿನಂಥ ದ್ರವ, ಆಮೇಲೆ ಗಟ್ಟಿ ದ್ರವ, ನುಣ್ಣಗೆ ಅರೆದದ್ದು, ಮೆತ್ತಗಿನದು, ಆರರಿಂದ ಎಂಟು ವಾರಗಳ ಹೊತ್ತಿಗೆ ಸಾಮಾನ್ಯ ಊಟ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು. ಊಟದ ನಡುವೆ ನೀರು ಕುಡಿಯಬಾರದು. ಊಟವಾಗಿ ಅರ್ಧ ಗಂಟೆಯಾದರೂ ಕಾಯಬೇಕು.

ರೊಟ್ಟಿಯ ಲೆಕ್ಕ, ಬೇಳೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳನ್ನು ಆಧರಿಸಿ ಲೆಕ್ಕ ಹಾಕಬಹುದು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೊಟೀನ್. ತೊಗರಿಬೇಳೆ, ಕಡಲೆಬೇಳೆಗಳಲ್ಲಿ ತಲಾ 22ರ ಹತ್ತಿರ, ಹೆಸರುಬೇಳೆಯಲ್ಲಿ 24ರ ಹತ್ತಿರ, ಸೋಯಾಬೀನಿನಲ್ಲಿ 35ಕ್ಕೂ ಹೆಚ್ಚು. 60 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಅರ್ಧ ತಿಂದವರಿಗೆ ದಕ್ಕುವುದು 3 ಗ್ರಾಂ. ಅದೇ ಜಾಗದಲ್ಲಿ 30 ಗ್ರಾಂ ಬೇಳೆ ಬೇಯಿಸಿದ ಗಟ್ಟಿ ಬ್ಯಾಳಿ ಹೋದರೆ 6ರಿಂದ 7 ಗ್ರಾಂ. ಆದ್ದರಿಂದ ಆಗಬೇಕಾದ ಮೊದಲ ಬದಲಾವಣೆ ತಾಟಿನ ಜಾಗಗಳ ಅದಲುಬದಲು: ಬೇಳೆ ನಡುವಿಗೆ ಬರಬೇಕು, ರೊಟ್ಟಿ ಅಂಚಿಗೆ ಸರಿದು ತಾನೇ ಹಚ್ಚಿಕೊಳ್ಳುವ ಪದಾರ್ಥವಾಗಬೇಕು.

ಒಂದೇ ಕಾಳು, ನಾಲ್ಕು ಹದ

ಆಸ್ಪತ್ರೆಯ ಹಂತಗಳಿಗೆ ಈ ಸೀಮೆಯ ಅಡುಗೆಮನೆಯಲ್ಲಿ ಆಗಲೇ ಹೆಸರುಗಳಿವೆ. ಹೋಳಿಗೆಗೆಂದು ಬೇಳೆ ಬೇಯಿಸಿ ಬಸಿದ ನೀರು ‘ಕಟ್ಟು’. ಅದಕ್ಕೆ ಜೀರಿಗೆ, ಉಪ್ಪು ಹಾಕಿ, ಖಾರ ಬಿಟ್ಟು, ಸೋಸಿದರೆ ಮೊದಲ ಹಂತದ ದ್ರವ. ಕಟ್ಟಿನಲ್ಲಿ ಪ್ರೊಟೀನ್ ಕಡಿಮೆ, ಆದರೆ ಸಿಹಿ ಗ್ಲೂಕೋಸ್ ನೀರಿನಿಂದ ಬೇಸತ್ತ ನಾಲಗೆಗೆ ಅದು ಮನೆಯ ರುಚಿ. ಎರಡನೆಯ ಹಂತಕ್ಕೆ ಕಡೆಗೋಲಿನಿಂದ ಕಡೆದು ಸೋಸಿದ ತೆಳು ಬ್ಯಾಳಿ, ಮಜ್ಜಿಗೆಯಲ್ಲಿ ಕಲಸಿದ ಪುಟಾಣಿ ಹಿಟ್ಟು. ಮೂರನೆಯದಕ್ಕೆ ಕಡಲೆಹಿಟ್ಟಿನ ‘ಪಿಟ್ಲ’, ಬೇಳೆ–ಸೊಪ್ಪು ಹಿಸುಕಿದ ‘ಮುದ್ದಿಪಲ್ಯ’. ನಾಲ್ಕನೆಯದಕ್ಕೆ ‘ಝುಣಕ’, ಮೊಳಕೆ ಕಾಳಿನ ‘ಉಸಳಿ’.

ಇಲ್ಲಿ ಗಮನಿಸಬೇಕಾದದ್ದು, ಪಿಟ್ಲ ಮತ್ತು ಝುಣಕಗಳ ಪದಾರ್ಥ ಒಂದೇ, ನೀರಿನ ಅಳತೆ ಮಾತ್ರ ಬೇರೆ. ಆದರೂ ಅವಕ್ಕೆ ಎರಡು ಹೆಸರು, ಎರಡು ರುಚಿ. ವೈವಿಧ್ಯವೆಂದರೆ ಅಂಗಡಿಯಿಂದ ತರುವ ಹೊಸ ಸಾಮಾನು ಎಂದುಕೊಂಡವರಿಗೆ ಈ ಅಡುಗೆ ಬಡವಾಗಿ ಕಾಣುತ್ತದೆ. ಹದವನ್ನು ಎಣಿಸುವವರಿಗೆ ಇದು ಶ್ರೀಮಂತ. ಜೋಳವೂ ಹೀಗೆಯೇ. ಅಂಬಲಿ, ನುಚ್ಚು, ಸಂಗಟಿ, ಬಿಸಿರೊಟ್ಟಿ, ಖಡಕ್ ರೊಟ್ಟಿ ಎಲ್ಲವೂ ಅದರ ಹದಗಳು. ಹಿಟ್ಟಿನಂತೆ ಅಂಟುವ ಮೆತ್ತನೆಯ ಬ್ರೆಡ್ಡಿಗಿಂತ ಒಣಗಿದ ಗರಿಗರಿ ತಿನಿಸು ಶಸ್ತ್ರಚಿಕಿತ್ಸೆಯಾದ ಅನೇಕರಿಗೆ ಸುಲಭವಾಗಿ ಇಳಿಯುತ್ತದೆ. ಅಪಾಯವೂ ಅಲ್ಲಿಯೇ ಇದೆ. ಖಡಕ್ ರೊಟ್ಟಿ ಚೂರುಚೂರಾಗಿ ಒಳಗೆ ಹೋಗುತ್ತಲೇ ಇರುತ್ತದೆ, ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ.

ಮೂರು ಊರು, ಮೂರು ಉಗ್ರಾಣ

ಬೀದರ್ ನಗರದ ಅಡುಗೆಯಲ್ಲಿ ದಖನಿ ಪರಂಪರೆಯ ಪಾಲು ದೊಡ್ಡದು. ಖೀಮಾ ಮೆತ್ತಗಿನ ಹಂತಕ್ಕೆ ಹೊಂದುತ್ತದೆ. ಮಾಂಸ, ಗೋಧಿ, ಬೇಳೆಗಳನ್ನು ಗಂಟೆಗಟ್ಟಲೆ ಬೇಯಿಸಿ ಕುಟ್ಟುವ ರಂಜಾನಿನ ಹಲೀಮ್ ಹದದಲ್ಲಿ ಅಚ್ಚುಕಟ್ಟಾಗಿ ಮೂರನೆಯ ಹಂತದ್ದೇ. ಅದರ ಮೇಲಿನ ತುಪ್ಪ ಮಾತ್ರ ಈ ಹೊಟ್ಟೆಗೆ ಭಾರ. ಕಾರಂಜಾ ಜಲಾಶಯದ ಮೀನು ಕಡಿಮೆ ಅಗಿತದಲ್ಲಿ ಹೆಚ್ಚು ಪ್ರೊಟೀನ್ ಕೊಡುತ್ತದೆ.

ಭಾಲ್ಕಿಯಿಂದ ಔರಾದ್ ಕಡೆಗೆ ಹೋದರೆ ದೇವಣಿ ತಳಿಯ ದನಗಳ ಸೀಮೆ. ಮೊಸರು, ಮಜ್ಜಿಗೆ, ಪನೀರು ಇಲ್ಲಿಯ ಬಲ. ಆದರೆ ಊಟದ ಕೊನೆಗೆ ಮಜ್ಜಿಗೆ ಕುಡಿಯುವ ರೂಢಿ ಬಿಡಬೇಕು. ಮಜ್ಜಿಗೆ ಎರಡು ಊಟಗಳ ನಡುವಿನ ತನ್ನದೇ ವೇಳೆಗೆ ಹೋಗಬೇಕು. ಕಬ್ಬಿನ ಹೊಲಗಳ ಬೆಲ್ಲದ ವಿಷಯ ಬೇರೆ. ಹುಗ್ಗಿ, ಶೇಂಗಾ ಹೋಳಿಗೆ ತಿಂದ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಭೇದಿ ಕಾಣಿಸಿಕೊಳ್ಳಬಹುದು. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಬೈಪಾಸ್ ಆದವರಲ್ಲಿ ಇದು ಹೆಚ್ಚು.

ಔರಾದಿನ ಗಡಿಹಳ್ಳಿಗಳಲ್ಲಿ ಕನ್ನಡ, ಮರಾಠಿ ಒಂದೇ ಒಲೆಯ ಮುಂದೆ ಕೂರುತ್ತವೆ. ರೊಟ್ಟಿ ಭಾಕರಿಯಾಗುತ್ತದೆ, ಬ್ಯಾಳಿ ವರಣವಾಗುತ್ತದೆ. ಮಳೆಯನ್ನೇ ನಂಬಿದ ಹೊಲಗಳಲ್ಲಿ ಹೆಸರು, ಉದ್ದು, ತೊಗರಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಉಣ್ಣುವ ಭಜ್ಜಿ ಈ ಲೇಖನದ ವಾದಕ್ಕೆ ಅತ್ಯುತ್ತಮ ಸಾಕ್ಷಿ. ಹಸಿ ತೊಗರಿ, ಹಸಿ ಕಡಲೆ, ಅವರೆ, ಸೊಪ್ಪು, ತರಕಾರಿಗಳನ್ನು ಕಡಲೆಹಿಟ್ಟು, ಹುಳಿಮಜ್ಜಿಗೆಯಲ್ಲಿ ಮೆತ್ತಗೆ ಬೇಯಿಸಿದ ಈ ಪಲ್ಯದಲ್ಲಿ ಹತ್ತಾರು ಬಗೆ ಒಂದೇ ಸೌಟಿನಲ್ಲಿ ಸಿಗುತ್ತವೆ. ಸಣ್ಣ ಹೊಟ್ಟೆಗೆ ಬೇಕಾದದ್ದು ಇದೇ. ವಿಪರ್ಯಾಸವೆಂದರೆ, ಜಿಲ್ಲೆಯಲ್ಲಿ ಹೇರಳವಾಗಿ ಬೆಳೆಯುವ ಸೋಯಾ ಮಾರುಕಟ್ಟೆಗೆ ಹೋಗುತ್ತದೆಯೇ ಹೊರತು ಅಡುಗೆಮನೆಗೆ ಬರುವುದು ಅಪರೂಪ.

ಲೆಕ್ಕದ ಮಿತಿ, ಪಂಕ್ತಿಯ ಮಿತಿ

ಮೊಟ್ಟೆ, ಮಾಂಸ ಮುಟ್ಟದ ಮನೆಯ ಒಂದು ದಿನವನ್ನು ಲೆಕ್ಕ ಹಾಕೋಣ. 30 ಗ್ರಾಂ ಕಡಲೆಹಿಟ್ಟಿನ ಪಿಟ್ಲ, 20 ಗ್ರಾಂ ಪುಟಾಣಿ ಹಿಟ್ಟು, 30 ಗ್ರಾಂ ತೊಗರಿಬೇಳೆ, 30 ಗ್ರಾಂ ಹೆಸರಿನ ಉಸಳಿ, 20 ಗ್ರಾಂ ಸೋಯಾ ಹಿಟ್ಟು, 50 ಗ್ರಾಂ ಪನೀರು, 150 ಗ್ರಾಂ ಮೊಸರು. ಒಟ್ಟು ಸುಮಾರು 45 ಗ್ರಾಂ ಪ್ರೊಟೀನ್. ಎರಡು ಮೊಟ್ಟೆ ಸೇರಿದರೆ 58. ಸಸ್ಯಾಹಾರಿ ಮನೆಯ ಅಡುಗೆ ಗುರಿಯ ಮುಕ್ಕಾಲು ಪಾಲು ಮುಟ್ಟಿಸುತ್ತದೆ. ಉಳಿದ ಕಾಲುಭಾಗಕ್ಕೆ ಪ್ರೊಟೀನ್ ಪುಡಿ ಬೇಕಾಗುತ್ತದೆ ಎಂಬುದನ್ನು ಒಪ್ಪಬೇಕು. ಅಡುಗೆ ಎಷ್ಟೇ ಬಗೆಯದಾದರೂ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆಗಳಿಗೆ ಅದು ಬದಲಿಯಲ್ಲ. ಅವು ಜೀವನಪರ್ಯಂತ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆಗೂ ಕ್ಯಾಲ್ಸಿಯಂ ಜೊತೆಗೂ ನುಂಗಬಾರದು. ಮೊದಲ ತಿಂಗಳುಗಳಲ್ಲಿ ವಾಂತಿ ನಿಲ್ಲದಿದ್ದರೆ ಬಿ1 ಕೊರತೆಯಿಂದ ನರಗಳಿಗೆ ಪೆಟ್ಟಾಗಬಹುದು. ಅದಕ್ಕೆ ಮನೆಮದ್ದಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಿತಿ ಪಂಕ್ತಿಯದು. ಮದುವೆ, ಜಾತ್ರೆ, ದಾವತ್ತುಗಳಲ್ಲಿ ‘ಇನ್ನೊಂದ್ ಹಾಕ್ಕೋರಿ’ ಎಂಬ ಒತ್ತಾಯ ಮರ್ಯಾದೆಯ ಮಾತು. ಬೇಡವೆಂದರೆ ಬಡಿಸುವವರ ಮುಖ ಬಾಡುತ್ತದೆ. ಆದರೆ ಇದೇ ನೆಲದಲ್ಲಿ ಇನ್ನೊಂದು ಶಿಸ್ತೂ ಇದೆ. ಭಾಲ್ಕಿಯ ಹಿರೇಮಠದಂಥ ಮಠಗಳ ದಾಸೋಹದಲ್ಲಾಗಲಿ, ಬೀದರಿನ ಗುರುದ್ವಾರ ನಾನಕ್ ಝೀರಾದ ಲಂಗರಿನಲ್ಲಾಗಲಿ, ಹಾಕಿಸಿಕೊಂಡ ಅನ್ನವನ್ನು ಚೆಲ್ಲಬಾರದು, ಬೇಕಾದಷ್ಟೇ ಹಾಕಿಸಿಕೊಳ್ಳಬೇಕು. ಕಡಿಮೆ ಉಣ್ಣುವುದನ್ನು ಅವಮಾನವಾಗಿಸದೆ ಸಂಯಮವಾಗಿ ಕಾಣುವ ಆ ರೂಢಿ ಶಸ್ತ್ರಚಿಕಿತ್ಸೆಯಾದವರಿಗೆ ನಿಜವಾದ ಆಸರೆ.

ಸಮಾರೋಪ

ಪಥ್ಯದ ಪಟ್ಟಿ ಬರೆಯುವವರು ‘ಪ್ಯೂರಿ’ ಎಂದು ಬರೆದು ಬಿಟ್ಟರೆ ಔರಾದಿನ ಮನೆಯಲ್ಲಿ ಅದು ಪರದೇಶದ ಊಟ. ‘ಪಿಟ್ಲ, ಖಾರ ಇಲ್ಲದೆ’ ಎಂದು ಬರೆದರೆ ಅದು ಅಂದೇ ಸಂಜೆ ಒಲೆಯ ಮೇಲಿರುತ್ತದೆ. ಈ ಸೀಮೆಯ ರೋಗಿಗಳನ್ನು ನೋಡುವ ಆಹಾರತಜ್ಞರು ಹಂತಗಳ ಪಟ್ಟಿಯನ್ನು ಕಟ್ಟು, ಬ್ಯಾಳಿ, ಪಿಟ್ಲ, ಝುಣಕಗಳ ಹೆಸರಿನಲ್ಲಿಯೇ, ಗ್ರಾಂ ಲೆಕ್ಕದ ಸಮೇತ, ಕನ್ನಡ, ಮರಾಠಿ, ಉರ್ದುಗಳಲ್ಲಿ ಬರೆದುಕೊಡಬೇಕು. ಮನೆಯವರು ‘ಎಷ್ಟ್ ರೊಟ್ಟಿ ಉಂಡಿ?’ ಎನ್ನುವ ಬದಲು ‘ಬ್ಯಾಳಿ ಉಂಡಿಯೇನು?’ ಎಂದು ಕೇಳಬೇಕು.