ನೂರ ಹದಿನೈದು ಮತಗಳ ಪಾಠ



ಚುನಾವಣೆಯಲ್ಲಿ ಗೆದ್ದವರ ಚರಿತ್ರೆಯನ್ನು ಬರೆಯುವವರು ಬಹಳ ಮಂದಿ. ಸೋತವನು ತನ್ನ ಸೋಲನ್ನು ತಾನೇ ಸಭೆಯ ಮುಂದೆ ನಿಂತು ಓದಿ ಹೇಳಿದ ಪ್ರಸಂಗಗಳಾದರೋ ವಿರಳ. ಅಂಥದೊಂದು ಪ್ರಸಂಗ 1961ರ ಜನವರಿ 6ರಂದು, ಮೂವರು ಜ್ಞಾನಿಗಳ ಹಬ್ಬದ ದಿನ, ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ನಡೆಯಿತು. ಅದರ ಹಿನ್ನೆಲೆಯಲ್ಲಿದ್ದುದು ಪೆಸಿಫಿಕ್ ಮಹಾಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ನಡೆದ ಒಂದು ಮರುಎಣಿಕೆ. ಆ ಮರುಎಣಿಕೆಯಿಂದ ದೇಶದ ಅಧ್ಯಕ್ಷರು ಬದಲಾಗಲಿಲ್ಲ. ಬದಲಾಗುವ ಸಂಭವವೂ ಇರಲಿಲ್ಲ. ಆದರೂ ಅದನ್ನು ನಡೆಸಿದರು. ಏಕೆ ನಡೆಸಿದರು ಎಂಬುದೇ ಇಲ್ಲಿ ನಾವು ಮನನ ಮಾಡಬೇಕಾದ ವಿಷಯ.

1960ರ ನವೆಂಬರ್ 8ರಂದು ನಡೆದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಜಾನ್ ಎಫ್. ಕೆನಡಿ, ರಿಪಬ್ಲಿಕನ್ ಪಕ್ಷದಿಂದ ಅಂದಿನ ಉಪಾಧ್ಯಕ್ಷ ರಿಚರ್ಡ್ ನಿಕ್ಸನ್ ಎದುರುಬದುರಾಗಿ ನಿಂತಿದ್ದರು. ಕೆನಡಿಯವರು ಕಥೋಲಿಕರು. ಅದುವರೆಗೆ ಯಾವ ಕಥೋಲಿಕರೂ ಆ ದೇಶದ ಅಧ್ಯಕ್ಷರಾಗಿರಲಿಲ್ಲ. 1928ರಲ್ಲಿ ಸ್ಪರ್ಧಿಸಿದ್ದ ಕಥೋಲಿಕರಾದ ಆಲ್ ಸ್ಮಿತ್ ದೊಡ್ಡ ಅಂತರದಿಂದ ಸೋತಿದ್ದರು. ಆ ಸೋಲಿಗೆ ಅವರ ವಿಶ್ವಾಸವೂ ಒಂದು ಕಾರಣವೆಂದು ಜನ ಆಡಿಕೊಂಡಿದ್ದರು. ಕಥೋಲಿಕ ಅಧ್ಯಕ್ಷನು ರೋಮಿನ ಮಾತಿನಂತೆ ರಾಜ್ಯವಾಳುವನೆಂಬ ಅಂಜಿಕೆ 1960ರಲ್ಲೂ ಮಾಯವಾಗಿರಲಿಲ್ಲ. ಆ ವರ್ಷದ ಸೆಪ್ಟೆಂಬರ್ 12ರಂದು ಕೆನಡಿಯವರು ಹ್ಯೂಸ್ಟನ್ ನಗರಕ್ಕೆ ಹೋಗಿ, ಪ್ರೊಟೆಸ್ಟೆಂಟ್ ಬೋಧಕರ ಸಭೆಯಲ್ಲಿ ನಿಂತು, ತಾವು ಅಧ್ಯಕ್ಷ ಪದವಿಯ ಹೊಣೆಯನ್ನು ಸ್ವಂತ ಮನಸ್ಸಾಕ್ಷಿಗೆ ಅನುಸಾರವಾಗಿ ನಿರ್ವಹಿಸುವುದಾಗಿ ಸ್ಪಷ್ಟಪಡಿಸಬೇಕಾಯಿತು. ಅವರು ಗೆದ್ದ ಮೇಲೆ ಅಮೆರಿಕದ ಎಷ್ಟೋ ಕಥೋಲಿಕ ಮನೆಗಳ ಗೋಡೆಯಲ್ಲಿ ಇಪ್ಪತ್ತಮೂರನೆಯ ಜಾನ್ ಪೋಪರ ಚಿತ್ರದ ಪಕ್ಕದಲ್ಲಿ ಅವರ ಚಿತ್ರವೂ ತೂಗಿತು.

ಆದರೆ ಆ ಗೆಲುವು ಕೂದಲೆಳೆಯಷ್ಟು ಅಂತರದ್ದು. ದೇಶದಲ್ಲಿ ಚಲಾವಣೆಯಾದ ಸುಮಾರು 6 ಕೋಟಿ 88 ಲಕ್ಷ ಮತಗಳಲ್ಲಿ ಇಬ್ಬರ ನಡುವಿನ ವ್ಯತ್ಯಾಸ ಸುಮಾರು 1 ಲಕ್ಷ 13 ಸಾವಿರ ಮಾತ್ರ. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಅಮೆರಿಕದಲ್ಲಿ ಅಧ್ಯಕ್ಷರನ್ನು ಜನರು ನೇರವಾಗಿ ಆರಿಸುವುದಿಲ್ಲ. ಪ್ರತಿಯೊಂದು ರಾಜ್ಯಕ್ಕೂ ಇಂತಿಷ್ಟು ಎಲೆಕ್ಟರುಗಳಿರುತ್ತಾರೆ. ಸಾಮಾನ್ಯವಾಗಿ ರಾಜ್ಯದಲ್ಲಿ ಹೆಚ್ಚು ಮತ ಪಡೆದವರಿಗೆ ಆ ರಾಜ್ಯದ ಎಲೆಕ್ಟರುಗಳೆಲ್ಲರೂ ಸಲ್ಲುತ್ತಾರೆ. ಈ ಎಲೆಕ್ಟರುಗಳು ಡಿಸೆಂಬರಿನಲ್ಲಿ ನಿಗದಿಯಾದ ಒಂದೇ ದಿನ ತಮ್ಮ ತಮ್ಮ ರಾಜ್ಯಗಳಲ್ಲಿ ಕೂಡಿ ಮತ ನೀಡುತ್ತಾರೆ. ಆ ಮತಗಳನ್ನು ಜನವರಿ 6ರಂದು ಸಂಸತ್ತಿನ ಉಭಯ ಸದನಗಳ ಸಮ್ಮುಖದಲ್ಲಿ ಎಣಿಸಲಾಗುತ್ತದೆ. 1960ರಲ್ಲಿ ಒಟ್ಟು ಎಲೆಕ್ಟರುಗಳು 537. ಗೆಲುವಿಗೆ ಬೇಕಾಗಿದ್ದುದು 269.

ಹವಾಯಿ 1959ರ ಆಗಸ್ಟ್ 21ರಂದಷ್ಟೇ ಅಮೆರಿಕದ ಐವತ್ತನೆಯ ರಾಜ್ಯವಾಗಿತ್ತು. ಅಲ್ಲಿನ ಜನ ಅಧ್ಯಕ್ಷರ ಆಯ್ಕೆಗಾಗಿ ಮತ ಹಾಕಿದ್ದು ಇದೇ ಮೊದಲು. ಅದರ ಪಾಲಿಗೆ ಇದ್ದುದು ಮೂವರು ಎಲೆಕ್ಟರುಗಳು. ಮೊದಲ ಎಣಿಕೆಯಲ್ಲಿ ನಿಕ್ಸನ್ 141 ಮತಗಳಿಂದ ಮುಂದಿದ್ದರು. ನವೆಂಬರ್ 28ರಂದು ಹಂಗಾಮಿ ಗವರ್ನರ್ ಜೇಮ್ಸ್ ಕೆಯಲೋಹ ಅವರು ರಿಪಬ್ಲಿಕನ್ ಎಲೆಕ್ಟರುಗಳೇ ಆಯ್ಕೆಯಾಗಿದ್ದಾರೆಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಕಡತ ಅಲ್ಲಿಗೆ ಮುಚ್ಚಬಹುದಾಗಿತ್ತು.

ಮುಚ್ಚಲಿಲ್ಲ. ಲೆಕ್ಕದಲ್ಲಿ ತಪ್ಪಿದೆಯೆಂದು ಡೆಮಾಕ್ರಟರು ನ್ಯಾಯಾಲಯದ ಮೆಟ್ಟಿಲೇರಿದರು. ಸರ್ಕಿಟ್ ನ್ಯಾಯಾಲಯದ ನ್ಯಾಯಾಧೀಶ ರೊನಾಲ್ಡ್ ಜೇಮಿಸನ್ ಅವರು ಡಿಸೆಂಬರ್ 13ರಂದು ಮರುಎಣಿಕೆಗೆ ಆಜ್ಞೆಯಿತ್ತರು. ಮತಪತ್ರಗಳನ್ನು ಮತ್ತೆ ಹೊರತೆಗೆದು ಎಣಿಸುವ ಕೆಲಸ ಆರಂಭವಾಯಿತು. ಎಲೆಕ್ಟರುಗಳು ಮತ ನೀಡಬೇಕಾದ ದಿನವಾದ ಡಿಸೆಂಬರ್ 19 ಬಂದರೂ ಎಣಿಕೆ ಮುಗಿದಿರಲಿಲ್ಲ. ಆ ದಿನ ತಪ್ಪಿದರೆ ಮತ್ತೆ ದಿನವಿಲ್ಲ. ಆಗ ಹೊನೊಲುಲುವಿನ ಇಯೊಲಾನಿ ಅರಮನೆಯಲ್ಲಿ ಎರಡೂ ಪಕ್ಷಗಳ ಎಲೆಕ್ಟರುಗಳು ಕೂಡಿದರು. ಒಮ್ಮೆ ಹವಾಯಿಯ ದೊರೆಗಳ ನಿವಾಸವಾಗಿದ್ದ ಆ ಕಟ್ಟಡ ಆಗ ರಾಜ್ಯದ ಆಡಳಿತ ಭವನವಾಗಿತ್ತು. ಪ್ರಮಾಣಪತ್ರ ಪಡೆದಿದ್ದ ರಿಪಬ್ಲಿಕನ್ನರು ಮೂವರೂ ನಿಕ್ಸನರಿಗೆ ಮತವಿತ್ತರು. ಕೈಯಲ್ಲಿ ಪ್ರಮಾಣಪತ್ರವಿಲ್ಲದ ಡೆಮಾಕ್ರಟರು ಮೂವರೂ, ಎಣಿಕೆ ಒಂದು ವೇಳೆ ತಮ್ಮ ಕಡೆಗೆ ತಿರುಗಿದರೆ ಮತ ವ್ಯರ್ಥವಾಗಬಾರದೆಂದು, ಕೆನಡಿಯವರಿಗೆ ಮತವಿತ್ತು ಸಹಿ ಹಾಕಿದರು. ಆ ಮೂವರಲ್ಲಿ 88 ವರ್ಷದ ಜೆನ್ನಿ ವಿಲ್ಸನ್ ಎಂಬ ಅಜ್ಜಿಯೂ ಇದ್ದರು. ತಮ್ಮ ಎಳೆಯ ಪ್ರಾಯದಲ್ಲಿ ಆಕೆ ದೊರೆ ಕಲಾಕೌವರ ಆಸ್ಥಾನದಲ್ಲಿ ಹುಲಾ ನೃತ್ಯ ಮಾಡಿದವರು. ರಾಜಪ್ರಭುತ್ವದ ಕಾಲದಲ್ಲಿ ನರ್ತಕಿಯಾಗಿದ್ದವರು ಪ್ರಜಾಪ್ರಭುತ್ವದ ಕಾಲದಲ್ಲಿ ಅಧ್ಯಕ್ಷರನ್ನು ಆರಿಸುವ ಎಲೆಕ್ಟರಾಗಿ ಮತಪತ್ರ ಹಿಡಿದರು.

ಕ್ರಿಸ್‌ಮಸ್ ಕಳೆದ ಮೇಲೆ ಎಣಿಕೆ ಮುಗಿಯಿತು. ಕೆನಡಿಯವರಿಗೆ 92,410, ನಿಕ್ಸನರಿಗೆ 92,295. ಅಂತರ 115. ಹತ್ತು ಸಾವಿರ ಮತಗಳಿಗೆ ಬರಿಯ ಆರು ಮತಗಳ ಹೆಚ್ಚುವರಿ! ಡಿಸೆಂಬರ್ 30ರಂದು ನ್ಯಾಯಾಧೀಶರು ಕೆನಡಿಯವರ ಪರವಾಗಿ ತೀರ್ಪು ನೀಡಿದರು. ಅಂದಿನ ಗವರ್ನರ್ ವಿಲಿಯಂ ಕ್ವಿನ್ ರಿಪಬ್ಲಿಕನ್ ಪಕ್ಷದವರು. ತೀರ್ಪು ತಮ್ಮ ಪಕ್ಷಕ್ಕೆ ವಿರುದ್ಧವಾಗಿದ್ದರೂ ಜನವರಿ 4ರಂದು ಡೆಮಾಕ್ರಟಿಕ್ ಎಲೆಕ್ಟರುಗಳಿಗೆ ಪ್ರಮಾಣಪತ್ರ ನೀಡಿ ಸಹಿ ಹಾಕಿದರು. ಆ ಕಾಗದ ವಾಷಿಂಗ್ಟನ್ ತಲಪಿದ್ದು ಎಣಿಕೆಯ ದಿನವೇ.

ಈಗ ಓದುಗರಲ್ಲಿ ಒಂದು ಪ್ರಶ್ನೆ ಮೂಡಬಹುದು. ಹವಾಯಿಯನ್ನು ಬಿಟ್ಟರೂ ಕೆನಡಿಯವರಿಗೆ 300 ಎಲೆಕ್ಟರುಗಳ ಮತವಿತ್ತು. ಗೆಲುವಿಗೆ ಬೇಕಾದುದಕ್ಕಿಂತ 31 ಹೆಚ್ಚು. ಹಾಗಿರುವಾಗ ಮೂರು ಮತಗಳಿಗಾಗಿ ಇಷ್ಟೆಲ್ಲ ಪರಿಶ್ರಮ ಬೇಕಿತ್ತೇ? ಲಾಭನಷ್ಟದ ಲೆಕ್ಕದಲ್ಲಿ ಬೇಕಿರಲಿಲ್ಲ. ಆದರೆ ಹವಾಯಿಯ ಮತದಾರನಿಗೆ ಅದು ತನ್ನ ಮೊದಲ ಮತ. ತಾನು ಹೇಳಿದ್ದೇನೋ ಅದೇ ಕಾಗದದಲ್ಲಿ ದಾಖಲಾಗಬೇಕೆಂಬುದು ಅವನ ಹಕ್ಕು. ಸತ್ಯವನ್ನು ಪ್ರಯೋಜನವಿದ್ದಾಗ ಮಾತ್ರ ಎಣಿಸುವುದಾದರೆ, ನಾವು ಎಣಿಸುತ್ತಿರುವುದು ಪ್ರಯೋಜನವನ್ನೇ ಹೊರತು ಸತ್ಯವನ್ನಲ್ಲ.

ಜನವರಿ 6ರ ಆ ಸಭೆಯ ಅಧ್ಯಕ್ಷತೆ ವಹಿಸಬೇಕಾದವರು ಸೆನೆಟ್ಟಿನ ಸಭಾಪತಿ. ಅಂದರೆ ದೇಶದ ಉಪಾಧ್ಯಕ್ಷರು. ಅಂದರೆ ಸ್ವತಃ ನಿಕ್ಸನ್. ಹವಾಯಿಯ ಹೆಸರು ಬಂದಾಗ ಅವರ ಮುಂದೆ ಮೂರು ದಾಖಲೆಗಳಿದ್ದವು. ಒಂದು, ಹಂಗಾಮಿ ಗವರ್ನರರ ಪ್ರಮಾಣಪತ್ರವಿದ್ದ, ನಿಕ್ಸನರ ಪರವಾದ ಮತಗಳು. ಎರಡು, ಪ್ರಮಾಣಪತ್ರವಿಲ್ಲದೆ ಡೆಮಾಕ್ರಟರು ನೀಡಿದ ಮತಗಳು. ಮೂರು, ನ್ಯಾಯಾಲಯದ ತೀರ್ಪಿನ ನಂತರ ಗವರ್ನರ್ ಕಳುಹಿಸಿದ ಹೊಸ ಪ್ರಮಾಣಪತ್ರ. ನಿಕ್ಸನ್ ಅವರು, ಇದನ್ನು ಮುಂದಿನವರು ಪೂರ್ವನಿದರ್ಶನವೆಂದು ಭಾವಿಸಬಾರದೆಂದು ಹೇಳಿ, ಯಾರ ಆಕ್ಷೇಪವೂ ಇಲ್ಲದಿದ್ದರೆ ಡೆಮಾಕ್ರಟರ ಮತಗಳನ್ನೇ ಎಣಿಸಬೇಕೆಂದು ಸೂಚಿಸಿದರು. ಆಕ್ಷೇಪ ಬರಲಿಲ್ಲ. ಅಂತಿಮ ಲೆಕ್ಕ: ಕೆನಡಿ 303, ನಿಕ್ಸನ್ 219, ಸೆನೆಟರ್ ಹ್ಯಾರಿ ಬರ್ಡ್ 15. ಸೋತ ಅಭ್ಯರ್ಥಿಯೇ ಈ ಲೆಕ್ಕವನ್ನು ಓದಿ ಸಾರಿದ್ದು ನೂರು ವರ್ಷಗಳಲ್ಲಿ ಅದೇ ಮೊದಲು. ಅದಕ್ಕೂ ಹಿಂದೆ, 1861ರಲ್ಲಿ ಜಾನ್ ಬ್ರೆಕಿನ್‌ರಿಜ್ ತಮ್ಮನ್ನು ಸೋಲಿಸಿದ ಅಬ್ರಹಾಂ ಲಿಂಕನ್ನರ ಗೆಲುವನ್ನು ಹೀಗೆಯೇ ಘೋಷಿಸಿದ್ದರು. ನಿಕ್ಸನ್ ತಮ್ಮ ಎದುರಾಳಿಗೆ ಶುಭ ಹಾರೈಸಿದಾಗ ಇಡೀ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು.

ಆದರೆ ಚರಿತ್ರೆಯನ್ನು ಬರೆಯುವಾಗ ನಮ್ಮವರೆಂಬ ಮಮತೆಯಾಗಲಿ, ಒಬ್ಬರನ್ನು ಸಂತರನ್ನಾಗಿಸುವ ಆತುರವಾಗಲಿ ಸಲ್ಲದು. ಕೆನಡಿಯವರ ಗೆಲುವಿನ ಮೇಲೆ ನೆರಳೂ ಇತ್ತು. ಇಲಿನಾಯ್ ರಾಜ್ಯವನ್ನು ಅವರು 8,858 ಮತಗಳಿಂದ ಗೆದ್ದರು. ಶಿಕಾಗೊ ನಗರದ ಎಣಿಕೆಯಲ್ಲಿ ಮೋಸ ನಡೆದಿದೆ ಎಂಬ ಆಪಾದನೆ ಬಲವಾಗಿತ್ತು. ಅಲ್ಲಿ ನಡೆದ ಭಾಗಶಃ ಮರುಎಣಿಕೆಯಲ್ಲಿ ತಪ್ಪುಗಳು ಕಂಡುಬಂದವಾದರೂ ಫಲಿತಾಂಶವನ್ನು ಮಗುಚುವಷ್ಟಿರಲಿಲ್ಲ. ಇಲಿನಾಯಿನ 27 ಮತಗಳನ್ನು ಕಳೆದರೂ ಕೆನಡಿಯವರಿಗೆ 276 ಉಳಿಯುತ್ತಿದ್ದವೆಂಬುದು ನಿಜ. ಆದರೆ ಹವಾಯಿಯಲ್ಲಿ ಎಣಿಸಿದ್ದು ಸರಿಯೆಂದು ಸಂತೋಷಪಡುವವನು ಶಿಕಾಗೊದ ಎಣಿಕೆಯನ್ನು ಪ್ರಶ್ನಿಸಿದವರ ಮೇಲೆ ಸಿಟ್ಟಾಗಲು ನ್ಯಾಯವಿಲ್ಲ. ನಮಗೊಂದು ತಕ್ಕಡಿ, ಅನ್ಯರಿಗೊಂದು ತಕ್ಕಡಿ ಇಡಲಾಗದು.

ನಿಕ್ಸನರ ವಿಷಯವೂ ಹಾಗೆಯೇ. ಆ ದಿನ ಅವರು ಬಿಟ್ಟುಕೊಟ್ಟದ್ದು ಗೆಲುವು ತರಲಾರದ ಮೂರು ಮತಗಳನ್ನು. ಅಧ್ಯಕ್ಷ ಪದವಿಯೇ ಆ ಮೂರು ಮತಗಳಲ್ಲಿ ಅಡಗಿದ್ದರೆ ಏನು ಮಾಡುತ್ತಿದ್ದರೆಂದು ಯಾರೂ ಹೇಳಲಾರರು. 1968ರಲ್ಲಿ ಅವರು ಅಧ್ಯಕ್ಷರಾಗಿ ಆಯ್ಕೆಯಾದರು. ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿ, ಸತ್ಯವನ್ನು ಮುಚ್ಚಿಡಲು ಯತ್ನಿಸಿ, 1974ರ ಆಗಸ್ಟ್ 9ರಂದು ಪದವಿ ತೊರೆದರು. ಒಂದು ದಿನದ ಒಳ್ಳೆಯತನ ಬಾಳಿಡೀ ಕಾಯುವುದಿಲ್ಲ. ಹಾಗೆಂದು ಆ ಒಂದು ದಿನ ಮಾಡಿದ ಒಳ್ಳೆಯ ಕೆಲಸ, ಮುಂದೆ ಮಾಡಿದ ತಪ್ಪಿನಿಂದ ಸುಳ್ಳಾಗುವುದೂ ಇಲ್ಲ.

ಅದೇ ಸಭಾಂಗಣ ಮುಂದೆಯೂ ಇಂಥ ಪರೀಕ್ಷೆಗಳನ್ನು ಕಂಡಿತು. 2000ದ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯವೊಂದೇ ಅಧ್ಯಕ್ಷರು ಯಾರೆಂಬುದನ್ನು ನಿರ್ಣಯಿಸಬೇಕಾಗಿತ್ತು. ಸುಮಾರು 60 ಲಕ್ಷ ಮತಗಳಲ್ಲಿ ಅಂತರ 537. ಮರುಎಣಿಕೆಯನ್ನು ಸುಪ್ರೀಂ ಕೋರ್ಟು ಡಿಸೆಂಬರ್ 12ರಂದು ನಿಲ್ಲಿಸಿದಾಗ ಉಪಾಧ್ಯಕ್ಷ ಆಲ್ ಗೋರ್ ತೀರ್ಪನ್ನು ಒಪ್ಪುವುದಿಲ್ಲವೆಂದರೂ ಅದಕ್ಕೆ ತಲೆಬಾಗುವೆನೆಂದರು. 2001ರ ಜನವರಿ 6ರಂದು ಜಾರ್ಜ್ ಬುಷ್ ಅವರ ಗೆಲುವನ್ನು ಅವರೇ ಘೋಷಿಸಿದರು. 2020ರ ಚುನಾವಣೆಯ ನಂತರ ಸೋತ ಪಕ್ಷದ ಕೆಲವರು ಹವಾಯಿಯ ಉದಾಹರಣೆಯನ್ನೇ ಮುಂದಿಟ್ಟು, ಏಳು ರಾಜ್ಯಗಳಲ್ಲಿ ತಮ್ಮವರಿಂದ ಎಲೆಕ್ಟರುಗಳೆಂದು ಸಹಿ ಹಾಕಿಸಿದರು. ಆದರೆ ಹವಾಯಿಯಲ್ಲಿ ನ್ಯಾಯಾಲಯದ ತೀರ್ಪಿತ್ತು, ಗವರ್ನರರ ಸಹಿಯಿತ್ತು. ಇಲ್ಲಿ ಎರಡೂ ಇರಲಿಲ್ಲ. 2021ರ ಜನವರಿ 6ರಂದು ಉದ್ರಿಕ್ತ ಗುಂಪು ಸಂಸತ್ ಭವನಕ್ಕೆ ನುಗ್ಗಿತು. ಆದರೂ ಉಪಾಧ್ಯಕ್ಷ ಮೈಕ್ ಪೆನ್ಸ್, ತಮ್ಮ ಸೋಲನ್ನೂ ಒಳಗೊಂಡ ಆ ಲೆಕ್ಕವನ್ನು ಅದೇ ರಾತ್ರಿ ಮುಂದುವರಿಸಿ ಬೆಳಗಾಗುವ ಮುನ್ನ ಮುಗಿಸಿದರು. 2025ರಲ್ಲಿ ಕಮಲಾ ಹ್ಯಾರಿಸ್ ಅವರೂ ತಮ್ಮ ಎದುರಾಳಿಯ ಗೆಲುವನ್ನು ಸ್ವತಃ ಸಾರಿದರು.

ಪ್ರಿಯರೇ, ಇದೆಲ್ಲ ದೂರದ ದೇಶದ ಕಥೆಯೆಂದು ಬಗೆಯಬೇಡಿ. 2004ರಲ್ಲಿ ನಮ್ಮ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ 40,752ಕ್ಕೆ 40,751. ಒಂದೇ ಒಂದು ಮತ. ಪಂಚಾಯಿತಿಯಿಂದ ಸಹಕಾರ ಸಂಘದವರೆಗೆ, ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯವರೆಗೂ, ಎಣಿಕೆ ಎಂಬುದು ನಮ್ಮ ಬಾಳಿನಲ್ಲಿ ಹಾಸುಹೊಕ್ಕಾಗಿದೆ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವಾಗಲೂ ನಡೆಯುವುದು ಒಂದು ಎಣಿಕೆಯೇ. ಅನುಮಾನ ಬಂದಾಗ ಮತ್ತೊಮ್ಮೆ ಎಣಿಸಿರೆಂದು ಕೇಳುವುದು ಜಗಳಗಂಟತನವಲ್ಲ, ಕೇಳುವವನ ಹಕ್ಕು. ಆದರೆ ಕೇಳಬೇಕಾದ ಸ್ಥಳ ಬೀದಿಯಲ್ಲ, ಚಾವಡಿಯ ಪಿಸುಮಾತೂ ಅಲ್ಲ. ಎಣಿಸುವ ಅಧಿಕಾರವುಳ್ಳವರ ಮೇಜು. ಮತ್ತು ಕೇಳುವ ಮೊದಲೇ ಮನಸ್ಸಿನಲ್ಲಿ ಒಂದು ಮಾತನ್ನು ಗಟ್ಟಿಮಾಡಿಕೊಂಡಿರಬೇಕು: ಉತ್ತರ ನನಗೆ ವಿರುದ್ಧವಾಗಿ ಬಂದರೂ ಒಪ್ಪುತ್ತೇನೆ. ಈ ನಿರ್ಧಾರವಿಲ್ಲದೆ ಮರುಎಣಿಕೆ ಕೇಳುವವನಿಗೆ ಎಷ್ಟು ಸಲ ಎಣಿಸಿದರೂ ಸಾಲದು.

ಹೊನೊಲುಲುವಿನಲ್ಲಿ ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ ಮತಪತ್ರಗಳನ್ನು ಒಂದೊಂದಾಗಿ ಎಣಿಸಿದವರ ಹೆಸರುಗಳು ಇಂದು ಯಾರ ನಾಲಿಗೆಯಲ್ಲೂ ಇಲ್ಲ. ತಮ್ಮ ದುಡಿಮೆಯಿಂದ ಅಧ್ಯಕ್ಷರು ಬದಲಾಗುವುದಿಲ್ಲವೆಂದು ಅವರಿಗೆ ತಿಳಿದಿತ್ತು. ಆದರೂ ಕೊನೆಯ ಕಾಗದದವರೆಗೆ ಎಣಿಸಿದರು. ಮುಂದಿನ ಬಾರಿ ನಿಮ್ಮ ಕೈಗೆ ಒಂದು ಲೆಕ್ಕ ಬಂದಾಗ, ಅದು ಎಷ್ಟೇ ಚಿಕ್ಕದಾಗಿರಲಿ, ಅವರನ್ನು ನೆನೆಯಿರಿ.